ಹೆಸರು ಮುಂದೆ, ಸ್ಪೀಕರು ಹಿಂದೆ: ಹಳೆಯ ರೇಡಿಯೋಗ್ರಾಮ್ ಒಂದರ ವಿಮರ್ಶೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೊರಟರೆ ಎರಡೂ ಬದಿಗೆ ದ್ರಾಕ್ಷಿ ತೋಟಗಳು ಸಿಗುತ್ತವೆ. ಅಂಥ ಒಂದು ತೋಟದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ನಿಂತ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ನೋಡುವ ಅವಕಾಶ ನನಗೆ ಬಂತು. ನಾಲ್ಕು ಓರೆ ಕಾಲು, ಮೇಲೆ ಎತ್ತುವ ಮುಚ್ಚಳ, ಮುಂಭಾಗದ ಎರಡೂ ತುದಿಗೆ ಜರಿ ಎಳೆ ಬೆರೆಸಿ ನೇಯ್ದ ಬಟ್ಟೆ, ನಡುವೆ ಗಾಜಿನ ಡಯಲ್. ಬಟ್ಟೆಯ ಮೇಲೆ ಹಿತ್ತಾಳೆ ಬಣ್ಣದ ಫಲಕದಲ್ಲಿ ಒಂದು ಹೆಸರಾಂತ ವಿದೇಶಿ ಹೆಸರು. ಅದರ ಕೆಳಗೆ ಇನ್ನೆರಡು ಮಾತು: ‘ಹೈ-ಫೈ’, ‘ಸ್ಟೀರಿಯೋ’.

ನನ್ನನ್ನು ಕರೆಸಿದವನು ಆ ಮನೆಯ ಹುಡುಗ, ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ‘ಇದು ನಮ್ಮ ಮುತ್ಯಾ ತಂದಿದ್ದರೀ ಸರ. ಇದರಾಗಿನ ಸ್ಪೀಕರ್ ಯಾವ ಕಂಪನೀದು ಅಂತ ಗೊತ್ತಾಗಬೇಕಾಗೇದ’ ಎಂದ. ಯಾಕೆ ಬೇಕು ಎಂದು ಕೇಳಿದೆ. ‘ಅಂಗಡಿಯವರು ಬಂದು ನೋಡಿ ಹೋದರ್ರೀ. ಒಳಗಿಂದೆಲ್ಲಾ ತಗದು ಒಗೀರಿ, ಬ್ಲೂಟೂತ್ ಕಿಟ್ ಹಾಕಿ ಕೊಡತೀವಿ, ಪೆಟಗಿ ಹಂಗಽ ಇರತೈತಿ ಅಂದರು. ಸ್ಪೀಕರ್ ಚಲೋ ಕಂಪನೀದು ಇದ್ದರ ಇಟಗೊಳ್ಳೂಣು ಅಂತಾರ ನಮ್ಮಪ್ಪ.’

ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಕೇಳಿದ ರೀತಿ ಸರಿಯಿಲ್ಲ. ಒಂದು ಸ್ಪೀಕರನ್ನು ಇಟ್ಟುಕೊಳ್ಳಬೇಕೋ ಬಿಸಾಡಬೇಕೋ ಎಂಬುದನ್ನು ಅದರ ಹೆಸರಿನಿಂದ ತೀರ್ಮಾನಿಸಬಹುದೇ? ಆ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಬಿಚ್ಚಿ ನಾವು ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಊರಿನಲ್ಲೂ ಇಂಥ ಪೆಟ್ಟಿಗೆ ಇದ್ದರೆ ನೀವೂ ಇದನ್ನು ಮಾಡಿ ನೋಡಬಹುದು.

ರೇಡಿಯೋಗ್ರಾಮನ್ನು ನೋಡದವರಿಗಾಗಿ ಒಂದು ಮಾತು. ರೇಡಿಯೋ, ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರ, ಎರಡಕ್ಕೂ ಸೇರಿ ಒಂದೇ ವರ್ಧಕ ಮತ್ತು ಸ್ಪೀಕರುಗಳು, ಇವೆಲ್ಲವನ್ನೂ ಒಂದು ಪೀಠೋಪಕರಣದ ಒಳಗೆ ಕೂಡಿಸಿದ್ದೇ ರೇಡಿಯೋಗ್ರಾಮ್. ಅದು ಯಂತ್ರವೂ ಹೌದು, ಮನೆಯ ಅಂತಸ್ತು ತೋರಿಸುವ ಸಾಮಾನೂ ಹೌದು. ಅದರ ಗುಣ ಮತ್ತು ದೋಷ ಎರಡೂ ಈ ಇಬ್ಬಗೆಯಿಂದಲೇ ಹುಟ್ಟಿವೆ.

ಫಲಕ ಯಾರದ್ದು?

ಮೊದಲು ಹೆಸರನ್ನೇ ನೋಡೋಣ. ಫಲಕದ ಮೇಲಿನ ಹೆಸರು ಪೆಟ್ಟಿಗೆಯನ್ನು ಜೋಡಿಸಿ ಮಾರಿದವರದ್ದು. ಒಳಗಿನ ಸ್ಪೀಕರನ್ನು ಅವರೇ ಮಾಡಿರಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ಗುಡ್‌ಮನ್ಸ್, ಸೆಲೆಸ್ಟಿಯನ್ ಮುಂತಾದ ಸಂಸ್ಥೆಗಳು ತಮ್ಮ ಹೆಸರಿನಲ್ಲೂ ಸ್ಪೀಕರ್ ಮಾರುತ್ತಿದ್ದವು, ಬೇರೆ ರೇಡಿಯೋ ಕಂಪನಿಗಳಿಗೂ ಮಾಡಿ ಕೊಡುತ್ತಿದ್ದವು. ಹೀಗೆ ಮಾಡಿ ಕೊಟ್ಟವುಗಳ ಮೇಲೆ ಎಷ್ಟೋ ಸಲ ಬರಿಯ ಸಂಖ್ಯೆ ಇರುತ್ತಿತ್ತು, ಹೆಸರಿರುತ್ತಿರಲಿಲ್ಲ. ಅಮೆರಿಕದಲ್ಲಿ ಈ ಸಂಖ್ಯೆಗೂ ಒಂದು ಕ್ರಮವಿತ್ತು. ಸ್ಪೀಕರಿನ ಲೋಹದ ಚೌಕಟ್ಟಿನ ಮೇಲೆ 220432 ಎಂದಿದ್ದರೆ ಮೊದಲ ಮೂರು ಅಂಕಿ ತಯಾರಕರನ್ನು ಸೂಚಿಸುತ್ತವೆ, 220 ಎಂದರೆ ಜೆನ್ಸನ್. ಮುಂದಿನ 4 ಇಸವಿಯ ಕೊನೆಯ ಅಂಕಿ, 32 ಎಂದರೆ ವರ್ಷದ 32ನೆಯ ವಾರ. 1954 ಅಥವಾ 1964 ಎಂಬುದನ್ನು ಉಳಿದ ಲಕ್ಷಣಗಳಿಂದ ಊಹಿಸಬೇಕು. ಯುರೋಪಿನ ಮತ್ತು ನಮ್ಮ ದೇಶದ ಸ್ಪೀಕರುಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ.

ಭಾರತದಲ್ಲಿ ವಿಷಯ ಇನ್ನೂ ಸಂಕೀರ್ಣ. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದಿನ ಮೇಲೆ ಬಿಗಿಯಾದ ಕಟ್ಟುಪಾಡು ಬಿತ್ತು. ಹೊರಗಿನ ಹೆಸರು, ಒಳಗೆ ಇಲ್ಲಿನ ಬಿಡಿಭಾಗ ಎಂಬ ಪೆಟ್ಟಿಗೆಗಳು ಹೆಚ್ಚಾದವು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ನಾವು ಬಿಚ್ಚಿದ ಪೆಟ್ಟಿಗೆಯ ವಾಲ್ವುಗಳ ಗಾಜಿನ ಮೇಲೆ ಆ ಸಂಸ್ಥೆಯ ಗುರುತು ಅಳಿಸಿದ್ದರೂ ಓದುವಂತಿತ್ತು. ಹುಡುಗನಿಗೆ ಆಶ್ಚರ್ಯ: ‘ಫಾರಿನ್ ಅಲ್ಲೇನ್ರೀ ಮತ್ತ?’ ಹೆಸರು ಫಾರಿನ್, ಜೀವ ಜಾಲಹಳ್ಳಿಯದು!

ಇನ್ನು ಸ್ಪೀಕರುಗಳ ಬೆನ್ನಿನ ಮೇಲೆ ಒಂದು ಸಂಖ್ಯೆ ಮತ್ತು ‘3 ಓಮ್’ ಎಂಬ ಮುದ್ರೆ, ಇಷ್ಟೇ. ತಯಾರಕರ ಹೆಸರಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು.

ಹೆಸರಿನ ಮೋಹದ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಧ್ವನಿಯಂತ್ರಗಳ ಲೋಕದಲ್ಲಿ ಎಲ್ಲರಿಗಿಂತ ಪ್ರಸಿದ್ಧವಾದ ಗುರುತು ಕೊಳವೆಗೆ ಕಿವಿಗೊಟ್ಟು ಕೂತ ನಾಯಿಯದು. ಫ್ರಾನ್ಸಿಸ್ ಬರಾ ಎಂಬ ಚಿತ್ರಕಾರ ನಿಪ್ಪರ್ ಎಂಬ ನಾಯಿಯನ್ನು ಮೊದಲು ಚಿತ್ರಿಸಿದ್ದು ಎಡಿಸನ್ ಮಾದರಿಯ ಉರುಳೆಯ ಫೋನೋಗ್ರಾಫಿನ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿ ಆ ಚಿತ್ರವನ್ನು ಕೊಂಡಾಗ ಯಂತ್ರವನ್ನು ಅಳಿಸಿ ತನ್ನ ತಟ್ಟೆಯ ಗ್ರಾಮಫೋನನ್ನು ಅಲ್ಲಿ ಬರೆಸಿತು. ಅಂದರೆ ನಾಯಿ ಅದೇ, ಅದರ ನಿಷ್ಠೆಯೂ ಅದೇ, ಯಂತ್ರ ಮಾತ್ರ ಬೇರೆ. ನಮ್ಮ ಕಾಲದಲ್ಲಿ ಇದರ ಮುಂದಿನ ಅಧ್ಯಾಯವೂ ನಡೆದಿದೆ. ಹೊಳೆಯುವ ಹಿತ್ತಾಳೆಯ ಕೊಳವೆ, ಹೊಸ ಮರದ ಪೆಟ್ಟಿಗೆ, ಯಾವುದೋ ಹಳೆಯ ಮೋಟಾರು ಸೇರಿಸಿ, ಅದರ ಮೇಲೆ ಅದೇ ನಾಯಿಯ ಚಿತ್ರ ಅಂಟಿಸಿದ ‘ಪುರಾತನ’ ಗ್ರಾಮಫೋನುಗಳು ನಮ್ಮ ದೇಶದಲ್ಲಿ ತಯಾರಾಗಿ ಪ್ರವಾಸಿಗರ ಕೈ ಸೇರುತ್ತಿರುವುದು ಸಂಗ್ರಾಹಕರಿಗೆಲ್ಲ ಗೊತ್ತಿರುವ ಸಂಗತಿ. ಫಲಕವನ್ನು ಅಂಟಿಸುವುದು ಸುಲಭ. ಸ್ಪೀಕರಿನ ಸುರುಳಿಯ ರೋಧವನ್ನು ಅಂಟಿಸಲಾಗದು.

ಬೆನ್ನು ಹೇಳುವ ಮಾತು

ಸ್ಪೀಕರಿನ ಒಳಗೆ ಏನಿದೆ ಎಂಬುದು ನಿಮಗೆ ಪಠ್ಯಪುಸ್ತಕದಿಂದ ಗೊತ್ತು. ಕಾಗದದ ಶಂಕುವಿನ ಬುಡಕ್ಕೆ ತೆಳು ತಂತಿಯ ಸುರುಳಿ. ಆ ಸುರುಳಿ ಬಲವಾದ ಕಾಂತದ ಸಂದಿಯಲ್ಲಿ ತೂಗುತ್ತಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಶಂಕುವೂ ಹಿಂದೆ ಮುಂದೆ ಚಲಿಸುತ್ತದೆ. ಈ ವಿನ್ಯಾಸವನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಪ್ರಕಟವಾದದ್ದು 1925ರಲ್ಲಿ. ನಿಮ್ಮ ಕೈಯಲ್ಲಿರುವ ಮೊಬೈಲಿನ ಪುಟ್ಟ ಸ್ಪೀಕರೂ ಮೂಲತಃ ಅದೇ ತತ್ತ್ವದ್ದು.

‘3 ಓಮ್’ ಎಂಬ ಮುದ್ರೆ ಏನು ಹೇಳುತ್ತದೆ? ಅದು ಪರ್ಯಾಯ ವಿದ್ಯುತ್ತಿಗೆ ಸುರುಳಿ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್. ಮಲ್ಟಿಮೀಟರಿನಿಂದ ಅಳೆದರೆ ಬರುವ ರೋಧ ಇದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು ಐದರಲ್ಲಿ ನಾಲ್ಕು ಪಾಲು ಇರುತ್ತದೆ. ನಮ್ಮ ಮೀಟರು ಎರಡೂ ಸ್ಪೀಕರುಗಳಲ್ಲಿ ಎರಡೂವರೆ ಓಮಿನ ಹತ್ತಿರ ತೋರಿಸಿತು. ಅಂದರೆ ಸುರುಳಿಗಳು ತುಂಡಾಗಿಲ್ಲ, ಸುಟ್ಟಿಲ್ಲ.

ವಾಲ್ವಿಗೂ ಈ ಮೂರು ಓಮಿಗೂ ನೇರ ಸಂಬಂಧ ಕುದುರುವುದಿಲ್ಲ. ಇಎಲ್ 84 ಎಂಬ ವಾಲ್ವು ಸುಮಾರು 5000 ಓಮಿನ ಹೊರೆಯನ್ನು ಬಯಸುತ್ತದೆ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಅದರ ಸುತ್ತುಗಳ ಅನುಪಾತವನ್ನು ನೀವೇ ಲೆಕ್ಕ ಹಾಕಬಹುದು. 5000ವನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 41. ಅಂದರೆ ವಾಲ್ವಿನ ಕಡೆ 41 ಸುತ್ತಿದ್ದರೆ ಸ್ಪೀಕರಿನ ಕಡೆ 1. ಪಿಯುಸಿ ಪುಸ್ತಕದ ಟ್ರಾನ್ಸ್‌ಫಾರ್ಮರ್ ಪಾಠ ಇಲ್ಲಿ ಪಡಸಾಲೆಗೆ ಬಂದು ಕೂತಿದೆ ನೋಡಿ.

ಎಲ್ಲ ರೇಡಿಯೋಗಳೂ ಹೀಗೆಯೇ ಇರಲಿಲ್ಲ. ಫಿಲಿಪ್ಸ್ ಕಂಪನಿ 1950ರ ದಶಕದಲ್ಲಿ ತನ್ನ ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರನ್ನೇ ಕೈಬಿಟ್ಟು, ತೀರ ತೆಳು ತಂತಿಯ ಸುರುಳಿ ಸುತ್ತಿ 800 ಓಮಿನ ಸ್ಪೀಕರುಗಳನ್ನು ಬಳಸಿತು. ಅದರ 9710 ಎಎಂ, ಎಡಿ 3800 ಎಎಂ ಎಂಬ ಸ್ಪೀಕರುಗಳು ಈ ಬಗೆಯವು. 9710 ಎಂ ಎಂಬುದು ಮಾತ್ರ 7 ಓಮಿನದು. ಒಂದೇ ಒಂದು ಅಕ್ಷರದ ವ್ಯತ್ಯಾಸ! ಹೊರಗಿನ ಫಲಕ ನೋಡಿ ‘ಎಲ್ಲಾ ಸ್ಪೀಕರೂ ಒಂದೇ’ ಎಂದು 800 ಓಮಿನ ಜಾಗಕ್ಕೆ ಇಂದಿನ 8 ಓಮಿನದನ್ನು ಹಾಕಿದರೆ ಸ್ವರ ಬಡಕಲಾಗುತ್ತದೆ, ವಾಲ್ವುಗಳಿಗೂ ತಾಳಲಾರದ ಹೊರೆ. ಕಂಪನಿಯ ಹೆಸರಿಗಿಂತ ಬೆನ್ನಿನ ಮೇಲಿನ ಆ ಒಂದು ಅಕ್ಷರ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಲಗಿದ ಅಂಡಾಕಾರ

ನಮ್ಮ ಪೆಟ್ಟಿಗೆಯ ಎರಡು ಮುಖ್ಯ ಸ್ಪೀಕರುಗಳು ಅಂಡಾಕಾರದವು, 25 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ. ಎರಡನ್ನೂ ಅಡ್ಡಡ್ಡ ಮಲಗಿಸಿ ಕೂರಿಸಿದ್ದಾರೆ. ಇಲ್ಲಿ ವಿನ್ಯಾಸಕಾರರನ್ನು ಒಂದು ಪ್ರಶ್ನೆ ಕೇಳಲೇಬೇಕು.

ಶಂಕುವಿನ ಅಗಲಕ್ಕಿಂತ ಧ್ವನಿಯ ತರಂಗದೂರ ದೊಡ್ಡದಾಗಿರುವವರೆಗೆ ಧ್ವನಿ ಎಲ್ಲ ದಿಕ್ಕಿಗೂ ಹರಡುತ್ತದೆ. ತರಂಗದೂರ ಚಿಕ್ಕದಾಗುತ್ತ ಹೋದಂತೆ ಧ್ವನಿ ಟಾರ್ಚಿನ ಬೆಳಕಿನ ಹಾಗೆ ಎದುರಿಗೇ ಕೂಡುತ್ತದೆ. 25 ಸೆಂ.ಮೀ. ತರಂಗದೂರ ಎಂದರೆ ಸುಮಾರು 1400 ಹರ್ಟ್ಸ್, 15 ಸೆಂ.ಮೀ. ಎಂದರೆ ಸುಮಾರು 2300 ಹರ್ಟ್ಸ್. ಹಾಗಿದ್ದರೆ ಪಡಸಾಲೆಯಲ್ಲಿ ಎಡಬಲಕ್ಕೆ ಕೂತ ಎಲ್ಲರಿಗೂ ಸಮನಾಗಿ ಕೇಳಬೇಕಾದರೆ ಅಂಡಾಕಾರವನ್ನು ನಿಲ್ಲಿಸಿ ಕೂರಿಸಬೇಕಿತ್ತು. ಆಗ ಅಡ್ಡ ದಿಕ್ಕಿನಲ್ಲಿ ಅಗಲ ಕಡಿಮೆಯಾಗಿ ಹರಡಿಕೆ ಹೆಚ್ಚುತ್ತಿತ್ತು. ಆದರೆ ನಿಲ್ಲಿಸಿದರೆ ಪೆಟ್ಟಿಗೆ ಎತ್ತರವಾಗುತ್ತದೆ, ಅಂದ ಕೆಡುತ್ತದೆ. ಇಲ್ಲಿ ಬಡಗಿ ಗೆದ್ದಿದ್ದಾನೆ, ಭೌತವಿಜ್ಞಾನ ಸೋತಿದೆ. ಎತ್ತರದ ಆವೃತ್ತಿಗಳಲ್ಲಿ ಶಂಕುವಿನ ನಡುಭಾಗವೇ ಹೆಚ್ಚು ಕೆಲಸ ಮಾಡುವುದರಿಂದ ನಷ್ಟ ಲೆಕ್ಕದಲ್ಲಿ ಕಂಡಷ್ಟು ದೊಡ್ಡದಲ್ಲ ಎಂಬುದನ್ನೂ ಹೇಳಬೇಕು.

ಪೆಟ್ಟಿಗೆಯ ಹಿಂಬದಿ ತೂತುಗಳಿರುವ ತೆಳು ಹಲಗೆ. ಅಂದರೆ ಹಿಂಬದಿ ತೆರೆದಂತೆಯೇ. ಶಂಕು ಮುಂದೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡೂ ವಿರುದ್ಧ ಪ್ರಾವಸ್ಥೆಯ ಅಲೆಗಳು. ಹಿಂದಿನ ಅಲೆ ಪೆಟ್ಟಿಗೆಯನ್ನು ಸುತ್ತಿ ಮುಂದೆ ಬಂದು ಮುಂದಿನ ಅಲೆಯನ್ನು ಅಳಿಸುತ್ತದೆ. ನಮ್ಮ ಪೆಟ್ಟಿಗೆ 110 ಸೆಂ.ಮೀ. ಅಗಲ, 40 ಸೆಂ.ಮೀ. ಆಳ. ಸ್ಪೀಕರಿನ ನಡು ಪಕ್ಕದ ಅಂಚಿನಿಂದ 15 ಸೆಂ.ಮೀ. ದೂರದಲ್ಲಿದೆ. ಹಿಂದಿನ ಅಲೆ ಹಿಂದಕ್ಕೆ ಹೋಗಿ, ಪಕ್ಕದಿಂದ ಬಳಸಿ ಮುಂದೆ ಬರಲು ನಡೆಯಬೇಕಾದ ದಾರಿ ಹತ್ತಿರ ಹತ್ತಿರ ಒಂದು ಮೀಟರು. ಈ ದಾರಿ ಅರ್ಧ ತರಂಗದೂರಕ್ಕೆ ಸಮವಾಗುವುದು ಸುಮಾರು 170 ಹರ್ಟ್ಸಿನಲ್ಲಿ. ಅದಕ್ಕಿಂತ ಕೆಳಗೆ ಇಳಿದಷ್ಟೂ ಅಳಿಸುವಿಕೆ ಹೆಚ್ಚುತ್ತ ಹೋಗುತ್ತದೆ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಯಾವುದಾದರೂ ಹಳೆಯ ರೇಡಿಯೋದಿಂದ ತೆಗೆದ ಬರಿಯ ಸ್ಪೀಕರಿನಲ್ಲಿ ಹಾಡು ನುಡಿಸಿ. ಸ್ವರ ತಗಡಿನಂತೆ ತೆಳುವಾಗಿರುತ್ತದೆ. ಈಗ ದೊಡ್ಡ ರಟ್ಟಿನ ಹಾಳೆಯ ನಡುವೆ ಸ್ಪೀಕರಿನಷ್ಟೇ ತೂತು ಕೊರೆದು ಅದಕ್ಕೆ ಹಿಡಿಯಿರಿ. ತಬಲಾದ ಬಾಯಾ ಒಮ್ಮೆಲೇ ಎದ್ದು ಬರುತ್ತದೆ. ರಟ್ಟು ಏನನ್ನೂ ಸೇರಿಸಿಲ್ಲ, ಹಿಂದಿನ ಅಲೆಯ ದಾರಿಯನ್ನು ಉದ್ದ ಮಾಡಿದೆ ಅಷ್ಟೆ.

170 ಹರ್ಟ್ಸ್ ಎಂದರೆ ಸಂಗೀತದ ಲೆಕ್ಕದಲ್ಲಿ ಎಲ್ಲಿ? ಗಂಡು ಗಾಯಕರು ‘ಕಾಳಿ ಒಂದು’ ಶ್ರುತಿಗೆ ಹಾಡಿದರೆ ಅವರ ಷಡ್ಜ ಸುಮಾರು 138 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69 ಹರ್ಟ್ಸ್. ಅಂದರೆ ಈ ಪೆಟ್ಟಿಗೆ ಖರ್ಜದ ಮೂಲಸ್ವರವನ್ನು ಸರಿಯಾಗಿ ಹೊರಡಿಸಲಾರದು. ಆದರೂ ಮನೆಯವರು ಇದರಲ್ಲಿ ಧಾರವಾಡದ ಗಾಯಕರ ತಟ್ಟೆಗಳನ್ನು ಕೇಳಿ ‘ತಂಬೂರಿ ಎಷ್ಟು ಗಂಭೀರ’ ಎಂದು ತಲೆದೂಗಿದ್ದು ಸುಳ್ಳೇ?

ಸುಳ್ಳಲ್ಲ. ತಂಬೂರಿಯ ತಂತಿ 69ರ ಜೊತೆಗೆ 138, 207, 276 ಹೀಗೆ ಉಪಸ್ವರಗಳ ದೊಡ್ಡ ಸಾಲನ್ನೇ ಹೊರಡಿಸುತ್ತದೆ. ಅದರ ಬಾಗಿದ ಕುದುರೆ ಮತ್ತು ಜೀವಾಳದ ದಾರದಿಂದ ಈ ಉಪಸ್ವರಗಳು ಎಷ್ಟು ಸಮೃದ್ಧವಾಗುತ್ತವೆ ಎಂಬುದನ್ನು 1920ರ ದಶಕದ ಆರಂಭದಲ್ಲೇ ಸಿ.ವಿ. ರಾಮನ್ ಗಮನಿಸಿ ಬರೆದಿದ್ದರು. ಮೂಲಸ್ವರ ಕಾಣೆಯಾದರೂ ಈ ಸಾಲಿನ ಅಂತರವನ್ನು ನೋಡಿ ನಮ್ಮ ಮಿದುಳು 69ನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ ತಂತಿ 300 ಹರ್ಟ್ಸಿಗಿಂತ ಕೆಳಗಿನದನ್ನು ಸಾಗಿಸುತ್ತಿರಲಿಲ್ಲ. ಆದರೂ ಅದರಲ್ಲಿ ಅಪ್ಪನ ದನಿ ಅಪ್ಪನ ದನಿಯಾಗಿಯೇ ಕೇಳುತ್ತಿತ್ತಲ್ಲ, ಅದೇ ಕಾರಣ. ಆ ಮನೆಯ ಮುತ್ಯಾ ಕೇಳಿದ ಖರ್ಜದಲ್ಲಿ ಅರ್ಧ ಪಾಲು ಅವರ ತಲೆಯೊಳಗೇ ಹುಟ್ಟಿದ್ದು.

ಮರದ ಬಗ್ಗೆ ಒಂದು ಅಪನಂಬಿಕೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ‘ಸಾಗವಾನಿ ಪೆಟ್ಟಿಗೆ, ಅದಕ್ಕೇ ಸ್ವರ ಇಷ್ಟು ಸಿಹಿ’ ಎಂದು ಹೇಳುವವರಿದ್ದಾರೆ. ನಮ್ಮ ಪೆಟ್ಟಿಗೆ ಪ್ಲೈವುಡ್ಡಿನದು, ಮೇಲೆ ತೇಗದ ತೆಳು ಪದರ. ಅದು ಇಡೀ ತೇಗದ್ದೇ ಆಗಿದ್ದರೂ ಮಾತು ಸರಿಯಾಗದು. ಇದೇ ರಸ್ತೆಯಲ್ಲಿ ಅಥಣಿ ದಾಟಿ ಮುಂದೆ ಹೋದರೆ ಮೀರಜ್ ಸಿಗುತ್ತದೆ, ತಂಬೂರಿ ಸಿತಾರುಗಳನ್ನು ಮಾಡುವವರ ಊರು. ಅಲ್ಲಿ ತಂಬೂರಿಯ ಬುರುಡೆ ಕಂಪಿಸಲೇಬೇಕು. ಅದರ ಕಂಪನವೇ ವಾದ್ಯದ ಸ್ವರ. ರೇಡಿಯೋಗ್ರಾಮ್ ವಾದ್ಯವಲ್ಲ. ಬೇರೆಡೆ ಹುಟ್ಟಿದ ಸ್ವರವನ್ನು ಮತ್ತೆ ಹೇಳುವುದು ಅದರ ಕೆಲಸ. ಅದರ ಪೆಟ್ಟಿಗೆ ಕಂಪಿಸಿದರೆ ಎಲ್ಲ ಹಾಡಿಗೂ ಒಂದೇ ‘ಗುಂ’ ಬೆರೆಯುತ್ತದೆ. ನಮ್ಮ ಪೆಟ್ಟಿಗೆಯಲ್ಲೂ ಅದು ಇತ್ತು. ಕೆಳಗಿನ ಹಲಗೆಗೆ ಅಂಗೈ ಒತ್ತಿದರೆ ಕಡಿಮೆಯಾಗುತ್ತಿತ್ತು.

‘ಹೈ-ಫೈ’, ‘ಸ್ಟೀರಿಯೋ’, ‘ತ್ರೀ-ಡಿ’

ಫಲಕದ ಎರಡು ಮಾತುಗಳನ್ನು ಈಗ ಪರೀಕ್ಷಿಸೋಣ.

ಮುಖ್ಯ ಸ್ಪೀಕರಿನ ಪಕ್ಕದಲ್ಲಿ ಎರಡೂ ಕಡೆ ಒಂದೊಂದು ಪುಟ್ಟ ಟ್ವೀಟರ್ ಇದೆ. ಎತ್ತರದ ಆವೃತ್ತಿಗಳಿಗಾಗಿ ಇಟ್ಟದ್ದು. ಪ್ರತಿಯೊಂದಕ್ಕೂ ಸರಣಿಯಲ್ಲಿ 4 ಮೈಕ್ರೋಫ್ಯಾರಡ್ ಕೆಪಾಸಿಟರ್. ಟ್ವೀಟರ್ 5 ಓಮಿನದು. ಲೆಕ್ಕ ಹಾಕಿದರೆ ಟ್ವೀಟರ್ ಸರಿಯಾಗಿ ಕೆಲಸಕ್ಕೆ ಇಳಿಯುವುದು ಸುಮಾರು 8000 ಹರ್ಟ್ಸಿನಿಂದ ಮೇಲೆ. 5000 ಹರ್ಟ್ಸಿನಲ್ಲಿ ಅದಕ್ಕೆ ಸಿಗುವ ವೋಲ್ಟೇಜು ಅರ್ಧದಷ್ಟು ಮಾತ್ರ.

ಈಗ ಎದುರು ಪ್ರಶ್ನೆ: ಅಷ್ಟು ಎತ್ತರದ ಧ್ವನಿಯನ್ನು ಈ ಪೆಟ್ಟಿಗೆಗೆ ಕೊಡುತ್ತಿದ್ದವರು ಯಾರು? 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಇಲ್ಲಿಗೆ ಬರುತ್ತಿದ್ದುದು ಮಧ್ಯಮ ತರಂಗದಲ್ಲಿ. ಆ ಬಗೆಯ ಪ್ರಸಾರ ಮನೆಯ ರೇಡಿಯೋದ ಮೂಲಕ ತಲುಪಿಸುವ ಧ್ವನಿ ಸುಮಾರು 5000 ಹರ್ಟ್ಸಿಗೇ ಮುಗಿಯುತ್ತದೆ. ರೇಡಿಯೋ ಸಿಲೋನ್ ಬರುತ್ತಿದ್ದುದು ಹ್ರಸ್ವ ತರಂಗದಲ್ಲಿ, ಅದು ಇನ್ನೂ ಕಷ್ಟ. 78 ಸುತ್ತಿನ ಅರಗಿನ ತಟ್ಟೆಯಲ್ಲಿ ಆ ಎತ್ತರದಲ್ಲಿ ಸಂಗೀತಕ್ಕಿಂತ ಸೂಜಿಯ ‘ಸರ್‌ರ್’ ಸದ್ದೇ ಹೆಚ್ಚು. ಉಳಿದದ್ದು ಎಲ್‌ಪಿ ತಟ್ಟೆ ಮಾತ್ರ. ಆ ಮನೆಯ ಕಪಾಟಿನಲ್ಲಿ ಎಲ್‌ಪಿಗಳು ಕೈಬೆರಳಲ್ಲಿ ಎಣಿಸುವಷ್ಟು. ಜರಿಯ ಬಟ್ಟೆಯ ಹಿಂದೆ ಕೂತ ಟ್ವೀಟರ್ ತನ್ನ ಆಯುಷ್ಯದ ಬಹುಪಾಲು ಸುಮ್ಮನೆ ಕೂತೇ ಕಳೆದಿದೆ.

ಹಾಗಿದ್ದರೆ ಈ ವಿನ್ಯಾಸ ಬಂದದ್ದೆಲ್ಲಿಂದ? ಇದರ ಬೇರು ಜರ್ಮನಿಯಲ್ಲಿದೆ. ಯುದ್ಧದ ನಂತರ, 1948ರ ಕೋಪನ್‌ಹೇಗನ್ ಒಪ್ಪಂದದಲ್ಲಿ ಜರ್ಮನಿಗೆ ಮಧ್ಯಮ ತರಂಗದ ಜಾಗ ಬಹಳ ಕಡಿಮೆ ಸಿಕ್ಕಿತು. ಅವರು ಅನಿವಾರ್ಯವಾಗಿ ಎಫ್‌ಎಂ ಕಡೆಗೆ ತಿರುಗಿದರು. 1949ರಲ್ಲೇ ಪ್ರಸಾರ ಆರಂಭಿಸಿದರು. ಎಫ್‌ಎಂ 15,000 ಹರ್ಟ್ಸ್‌ವರೆಗೂ ಧ್ವನಿ ಒಯ್ಯಬಲ್ಲದು. ಅಲ್ಲಿ ಟ್ವೀಟರಿಗೆ ನಿಜವಾದ ಕೆಲಸವಿತ್ತು. 1950ರ ದಶಕದ ನಡುವೆ ಗ್ರುಂಡಿಗ್ ಮುಂತಾದ ಕಂಪನಿಗಳು ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಟ್ವೀಟರ್ ಇಟ್ಟು, ಧ್ವನಿ ಗೋಡೆಗೆ ತಾಗಿ ಹರಡುವಂತೆ ಮಾಡಿ, ಅದನ್ನು ‘ತ್ರೀ-ಡಿ’ ಎಂದು ಕರೆದವು. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದದ್ದೇ 1958ರ ಹೊತ್ತಿಗೆ. ಆದ್ದರಿಂದ ಆ ‘ತ್ರೀ-ಡಿ’ಯಲ್ಲಿ ಇದ್ದದ್ದು ಒಂದೇ ವಾಹಿನಿಯ ಧ್ವನಿ, ಹರಡಿಕೆ ನಿಜ, ಆಯಾಮ ಜಾಹೀರಾತು. ಇದಕ್ಕೆ ಹೋಲಿಸಿದರೆ ಫಿಲಿಪ್ಸ್‌ನವರ ‘ಬೈ-ಆಂಪ್ಲಿ’ ಎಂಬ ಮಾತು ಪ್ರಾಮಾಣಿಕ. ಅದರೊಳಗೆ ತಗ್ಗು ಮತ್ತು ಎತ್ತರದ ಸ್ವರಗಳಿಗೆ ನಿಜಕ್ಕೂ ಎರಡು ಬೇರೆ ವರ್ಧಕಗಳಿದ್ದವು. ಹೆಸರನ್ನು ಓದಿ ಒಳಗಿನ ಮಂಡಲವನ್ನು ಊಹಿಸಬಹುದಿತ್ತು.

ಭಾರತದಲ್ಲಿ ಎಫ್‌ಎಂ ಪ್ರಸಾರ ಮೊದಲಾದದ್ದು 1977ರಲ್ಲಿ, ಮದರಾಸಿನಲ್ಲಿ. ಅದಕ್ಕೂ ಮೊದಲಿನ ಪೆಟ್ಟಿಗೆಗಳಿಗೆ ಟ್ವೀಟರ್ ಬಂತು, ಫಲಕ ಬಂತು, ಅವು ಹುಟ್ಟಿದ ಕಾರಣ ಮಾತ್ರ ಬರಲಿಲ್ಲ.

‘ಸ್ಟೀರಿಯೋ’ದ ಲೆಕ್ಕ ಇನ್ನೂ ಸುಲಭ. ಎರಡು ಸ್ಪೀಕರುಗಳ ನಡುವಿನ ದೂರ 80 ಸೆಂ.ಮೀ. ಪಡಸಾಲೆಯಲ್ಲಿ ಮೂರು ಮೀಟರು ದೂರ ಕೂತವರಿಗೆ ಅವು ಮಾಡುವ ಕೋನ ಸುಮಾರು 15 ಡಿಗ್ರಿ. ಎಡಬಲ ಸ್ಪಷ್ಟವಾಗಿ ಬಿಡಿಸಿ ಕೇಳಲು 60 ಡಿಗ್ರಿ ಒಳ್ಳೆಯದು. ಅದಕ್ಕೆ ಪೆಟ್ಟಿಗೆಯಿಂದ ಒಂದು ಮೀಟರಿಗಿಂತ ಹತ್ತಿರ, ಅದೂ ಒಬ್ಬರೇ ಕೂರಬೇಕು. ಇಡೀ ಮನೆ ಕೂತು ಕೇಳುವ ಸಾಮಾನಿಗೆ ಈ ಮಾತು ಒಪ್ಪದು. ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಗಳು ಈ ವಿನ್ಯಾಸವನ್ನು ಕಾಪಾಡಿವೆ. ಸ್ಪೀಕರುಗಳು ನೆಲದಿಂದ ಎರಡಡಿ ಎತ್ತರದಲ್ಲಿವೆ. ಸೋಫಾದ ಮೇಲೆ ಕೂತವರ ಮೊಣಕಾಲಿಗೆ ಹಾಡುವ ಪೆಟ್ಟಿಗೆ, ಜಮಖಾನದ ಮೇಲೆ ಕೂತವರ ಕಿವಿಗೆ ಹತ್ತಿರವಾಗುತ್ತದೆ.

ಏನನ್ನು ಉಳಿಸಬೇಕು?

ಇಷ್ಟೆಲ್ಲ ಹೇಳಿದ ಮೇಲೆ ನಾನು ಈ ಸ್ಪೀಕರುಗಳನ್ನು ಬಿಸಾಡಲು ಹೇಳುತ್ತೇನೆ ಎಂದುಕೊಂಡಿರಾ? ಇಲ್ಲ. ಇವುಗಳಲ್ಲಿ ಒಂದು ದೊಡ್ಡ ಗುಣವಿದೆ. ಫಲಕ ಮಾತ್ರ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದು ಮಿತವ್ಯಯ.

ಒಂದು ಇಎಲ್ 84 ವಾಲ್ವು ಕೊಡುವುದು ನಾಲ್ಕೈದು ವಾಟ್ ಮಾತ್ರ. ಅಷ್ಟರಲ್ಲಿ ಪಡಸಾಲೆ ತುಂಬಬೇಕು. ಹಾಗಾಗಿ ಆ ಕಾಲದವರು ಹಗುರವಾದ ಕಾಗದದ ಶಂಕು, ಬಲವಾದ ಕಾಂತ, ದೊಡ್ಡ ಪೆಟ್ಟಿಗೆ ಆರಿಸಿಕೊಂಡರು. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಹೊರಡಿಸುವ ಸ್ಪೀಕರನ್ನೂ 82 ಡೆಸಿಬೆಲ್ಲಿನ ಇಂದಿನ ಪುಟ್ಟ ಸ್ಪೀಕರನ್ನೂ ಹೋಲಿಸಿ. ವ್ಯತ್ಯಾಸ 13 ಡೆಸಿಬೆಲ್. ಅಂದರೆ ಅಷ್ಟೇ ಜೋರಾಗಿ ಕೇಳಲು ಎರಡನೆಯದಕ್ಕೆ 20 ಪಟ್ಟು ಶಕ್ತಿ ಬೇಕು. ಇಂದಿನ ಪುಟ್ಟ ಪೆಟ್ಟಿಗೆ ತಗ್ಗು ಸ್ವರವನ್ನು ಗಳಿಸಿದ್ದು ದಕ್ಷತೆಯನ್ನು ಕೊಟ್ಟು; ರೇಡಿಯೋಗ್ರಾಮ್ ದಕ್ಷತೆಯನ್ನು ಗಳಿಸಿದ್ದು ತಗ್ಗು ಸ್ವರವನ್ನು ಕೊಟ್ಟು. ಚಿಕ್ಕ ಪೆಟ್ಟಿಗೆ, ಹೆಚ್ಚು ದಕ್ಷತೆ, ಆಳದ ಸ್ವರ, ಈ ಮೂರೂ ಒಂದೇ ಕಡೆ ಸಿಗುವುದಿಲ್ಲ. ಯಾವ ಕಂಪನಿಯ ಫಲಕ ಹಾಕಿದರೂ ಸಿಗುವುದಿಲ್ಲ.

ಜೊತೆಗೆ ಇಂಥ ಕಾಗದದ ಶಂಕುಗಳು 2000ದಿಂದ 4000 ಹರ್ಟ್ಸ್ ನಡುವೆ ಸ್ವಲ್ಪ ಹೆಚ್ಚೇ ಜೋರು. ಕಿವಿ ಬಹಳ ಚುರುಕಾಗಿರುವ ವಲಯವೂ ಅದೇ, ಮಾತಿನ ವ್ಯಂಜನಗಳು ಸ್ಪಷ್ಟವಾಗುವ ವಲಯವೂ ಅದೇ. ಅಂದು ನಾವು ಆ ಪೆಟ್ಟಿಗೆಯಲ್ಲಿ ಒಂದು ಖಯಾಲ್ ಕೇಳಿದೆವು. ತಬಲಾ ಬಡವಾಗಿತ್ತು, ಎಡಬಲ ಇರಲಿಲ್ಲ. ಆದರೆ ಹಾಡುವವರ ಉಸಿರು, ಅಕ್ಷರ, ತಾನಿನ ಒಂದೊಂದು ಕಣ ಕೋಣೆಯಲ್ಲೇ ಇದ್ದಂತೆ ಕೇಳಿತು. ಇದು ‘ಹೈ-ಫೈ’ ಅಲ್ಲ, ಕಂಠದ ಯಂತ್ರ. ಫಲಕದಲ್ಲಿ ಹಾಗೆಂದು ಬರೆದಿದ್ದರೆ ನನ್ನ ಆಕ್ಷೇಪವೇ ಇರುತ್ತಿರಲಿಲ್ಲ.

ಬ್ಲೂಟೂತ್ ಕಿಟ್ ಬಗ್ಗೆ ಹುಡುಗನಿಗೆ ಹೇಳಿದ್ದು ಇಷ್ಟು. ಮೊಬೈಲಿನ ಹಾಡು ಬೇಕಿದ್ದರೆ ಏನನ್ನೂ ಕಿತ್ತು ಹಾಕಬೇಕಿಲ್ಲ. ತಟ್ಟೆಯ ಸೂಜಿಯಿಂದ ವರ್ಧಕಕ್ಕೆ ಬರುವ ತಂತಿಯಲ್ಲಿ ಸಿರಾಮಿಕ್ ಪಿಕಪ್ ಕೊಡುವುದು ಒಂದು ವೋಲ್ಟಿನ ಕೆಲವು ಹತ್ತನೆಯ ಪಾಲು. ಮೊಬೈಲಿನ ಹೆಡ್‌ಫೋನ್ ಕಿಂಡಿಯಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ತಂತಿಯಲ್ಲಿ ಕೆಲಸ ಮುಗಿಯುತ್ತದೆ, ಬೇಡವಾದ ದಿನ ತೆಗೆದಿಡಬಹುದು. ಆದರೆ ಎಚ್ಚರ: ಯುಎಲ್ 84, ಯುಸಿಎಲ್ 82ರಂತೆ ‘ಯು’ ಅಕ್ಷರದಿಂದ ಆರಂಭವಾಗುವ ವಾಲ್ವುಗಳಿದ್ದರೆ ಮನೆಯ ವಿದ್ಯುತ್ತು ಸಾಮಾನ್ಯವಾಗಿ ನೇರ ಲೋಹದ ತಟ್ಟೆಗೇ ಸೇರಿರುತ್ತದೆ. ಅಂಥದಕ್ಕೆ ಮೊಬೈಲ್ ಜೋಡಿಸುವುದು ಪ್ರಾಣಕ್ಕೆ ಅಪಾಯ. ಬೇರೆ ಬಗೆಯವುಗಳಲ್ಲೂ ಒಳಗೆ 250 ವೋಲ್ಟಿನಷ್ಟು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಬಲ್ಲವರು ಜೊತೆಗಿಲ್ಲದೆ ಹಿಂಬದಿ ಬಿಚ್ಚಬೇಡಿ. ಸ್ಪೀಕರ್ ತಂತಿ ಕಳಚಿ ಪೆಟ್ಟಿಗೆಯನ್ನು ಚಾಲೂ ಮಾಡಬೇಡಿ, ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿ ಅದು ಸುಟ್ಟೀತು. ಸ್ಪೀಕರಿನ ಕಾಂತವನ್ನಂತೂ ಬಿಚ್ಚಲೇಬೇಡಿ. ಆ ಕಾಲದ ಆಲ್ನಿಕೋ ಕಾಂತವನ್ನು ಅದರ ಕಬ್ಬಿಣದ ಚೌಕಟ್ಟಿನಿಂದ ಬೇರ್ಪಡಿಸಿದರೆ ಬಲ ಕಳೆದುಕೊಳ್ಳುತ್ತದೆ.

ಹೊರಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು. ಪ್ಲಗ್ ಕಿತ್ತು, ಸ್ಪೀಕರ್ ತಂತಿಗಳನ್ನು ಬಿಡಿಸಿ, 1.5 ವೋಲ್ಟಿನ ಒಂದು ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದೆವು. ಎಡಗಡೆಯ ಶಂಕು ಮುಂದೆ ಜಿಗಿಯಿತು. ಅದೇ ಬಣ್ಣದ ತಂತಿಗೆ ಅದೇ ರೀತಿ ಮುಟ್ಟಿಸಿದಾಗ ಬಲಗಡೆಯದು ಹಿಂದೆ ಸರಿಯಿತು. ಯಾವುದೋ ರಿಪೇರಿಯಲ್ಲಿ ಬಲಗಡೆಯ ತಂತಿಗಳು ಅದಲುಬದಲಾಗಿ, ಎಷ್ಟೋ ವರ್ಷಗಳಿಂದ ಒಂದು ಸ್ಪೀಕರು ಇನ್ನೊಂದರ ತಗ್ಗು ಸ್ವರವನ್ನು ಅಳಿಸುತ್ತ ಕೂತಿತ್ತು. ತಂತಿಗಳನ್ನು ಸರಿಪಡಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ಅದೇ ಖಯಾಲನ್ನು ಮತ್ತೆ ಹಾಕಿದೆವು. ಒಳಗಿನಿಂದ ಹುಡುಗನ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು. ‘ತಬಲಾ ಈಗ ಬಂತಲ್ಲೋ’ ಎಂದರು. ಟ್ವೀಟರಿನ ಎರಡು ಕೆಪಾಸಿಟರುಗಳು ಹಳತಾಗಿವೆ, ಅವನ್ನು ಬದಲಿಸುವ ಕೆಲಸ ಇನ್ನೂ ಬಾಕಿ ಇದೆ.